ಕಲಿತ ಕೈ ಗುಮಾಸ್ತನದು, ಸಹಿ ವಕೀಲರದು

ಟೋವಾ ಪಾಯೋ ಎಂದರೆ ದೊಡ್ಡ ಜೌಗು. ‘ಟೋವಾ’ ಹೊಕ್ಕಿಯೆನ್ ಚೀನಿಯರ ಮಾತು, ‘ದೊಡ್ಡ’ ಎಂದರ್ಥ; ‘ಪಾಯೋ’ ಬಂದದ್ದು ಕೆಸರುನೆಲಕ್ಕೆ ಮಲಯರು ಹೇಳುವ ‘ಪಾಯ’ದಿಂದ. 1960ರ ದಶಕದ ನಡುವಿನಲ್ಲಿ ಸಿಂಗಪುರದ ವಸತಿ ಮಂಡಳಿ ಈ ಕೆಸರಿನ ಮೇಲೆ ಸಾಲುಸಾಲು ಬಹುಮಹಡಿ ಕಟ್ಟಡಗಳನ್ನು ಎಬ್ಬಿಸಿತು. ಜನರ ಬಾಯಲ್ಲಿ ಆ ಮಂಡಳಿ ಎಚ್‌ಡಿಬಿ, ಕಟ್ಟಡಗಳು ಬ್ಲಾಕುಗಳು. ಬ್ಲಾಕಿನ ನೆಲಮಹಡಿಯಲ್ಲಿ ಕಾಫಿ ಅಂಗಡಿ, ಕ್ಷೌರದಂಗಡಿ, ಹಲ್ಲಿನ ಡಾಕ್ಟರು. ಇವರ ನಡುವೆಯೇ ಎಲ್ಲೋ ವಕೀಲರದೊಂದು ಬೋರ್ಡು. ಮೇಲಿನ ಮಹಡಿಗಳ ಜನರಿಗೆ ಫ್ಲ್ಯಾಟಿನ ಕ್ರಯಪತ್ರ, ಉಯಿಲು, ವಿಚ್ಛೇದನ ಮಾಡಿಸಿಕೊಡುವ ಕಸುಬು.

ಒಬ್ಬರೋ ಇಬ್ಬರೋ ವಕೀಲರು, ಒಬ್ಬ ಗುಮಾಸ್ತ, ಗೋಡೆಯುದ್ದಕ್ಕೂ ಕಡತ. ನಮ್ಮ ತಾಲ್ಲೂಕು ಕೋರ್ಟಿನ ಎದುರಿನ ವಕೀಲರ ಕೋಣೆ ಕಂಡವರಿಗೆ ಇದನ್ನು ಬಣ್ಣಿಸಿ ಹೇಳಬೇಕಿಲ್ಲ. ಸಿಂಗಪುರದ ವಕೀಲಿ ಸಂಸ್ಥೆಗಳಲ್ಲಿ ಹೆಚ್ಚಿನವು ಇಂಥವೇ. ಗಾಜಿನ ಗೋಪುರಗಳಲ್ಲಿರುವವು ಕೆಲವೇ ಕೆಲವು. ಆದರೆ ವಕೀಲರೆಲ್ಲ ಕಂಪ್ಯೂಟರ್ ಕಲಿಯಲೇಬೇಕೆಂದು ಆ ಪುಟ್ಟ ದೇಶ ಹೊರಟಾಗ ದೊಡ್ಡವರಿಗೂ ಚಿಕ್ಕವರಿಗೂ ಒಂದೇ ಗಡುವು ಕೊಟ್ಟಿತು.

ಶುರುವಾದದ್ದು ಬಾಕಿ ಪ್ರಕರಣಗಳಿಂದ. 1990ರಲ್ಲಿ ಯಾಂಗ್ ಪುಂಗ್ ಹೌ ಮುಖ್ಯ ನ್ಯಾಯಮೂರ್ತಿಯಾದರು. ವಕೀಲಿ ಬಿಟ್ಟು ಬ್ಯಾಂಕು ನಡೆಸಿ ಬಂದಿದ್ದ ಮನುಷ್ಯ. ವರ್ಷಗಟ್ಟಲೆ ಕೊಳೆಯುತ್ತಿದ್ದ ಮೊಕದ್ದಮೆಗಳನ್ನು ಅವರು ನೋಡಿದ್ದೂ ಬ್ಯಾಂಕಿನವರ ಕಣ್ಣಿನಿಂದಲೇ ಇರಬೇಕು. ಅದೇ ವರ್ಷ ಲಾನೆಟ್ ಬಂತು. ತೀರ್ಪಿನ ಸಂಪುಟಗಳನ್ನು ಕಪಾಟಿನಿಂದ ಇಳಿಸಿ ತಿರುವುತ್ತಿದ್ದವರು ಪರದೆಯ ಮೇಲೆ ಹುಡುಕಬಹುದಾಯಿತು. 1995ರಲ್ಲಿ ಟೆಕ್ನಾಲಜಿ ಕೋರ್ಟ್ ಎಂಬ ಹೆಸರಿನ ಕೋರ್ಟ್ ಹಾಲೇ ತೆರೆಯಿತು. ಆದರೂ ಇವೆರಡೂ ಬೇಕಾದವರಿಗೆ ಮಾತ್ರ. ಬೇಡವೆಂದವರು ತಮ್ಮ ಪಾಡಿಗೆ ಕಾಗದದಲ್ಲೇ ಇರಬಹುದಿತ್ತು.

ಹಾಗಿರಲು ಬಿಡದಿದ್ದದ್ದು ಇಎಫ್‌ಎಸ್, ಅಂದರೆ ವಿದ್ಯುನ್ಮಾನ ದಾಖಲಾತಿ ವ್ಯವಸ್ಥೆ. ಇದರ ಹಿಂದಿನ ಜನ್ಮ ನ್ಯಾಯಾಲಯದಲ್ಲಲ್ಲ, ಬಂದರಿನಲ್ಲಿ. ಆಮದು ರಫ್ತಿನ ಪರವಾನಗಿ ಕಾಗದಗಳನ್ನು ಗಣಕದಲ್ಲಿ ತೀರಿಸಲು 1989ರಲ್ಲಿ ಟ್ರೇಡ್‌ನೆಟ್ ಬಂದಿತ್ತು. ಅದನ್ನು ನಡೆಸುತ್ತಿದ್ದ, ಮುಂದೆ ಕ್ರಿಮ್ಸನ್‌ಲಾಜಿಕ್ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆಯೇ ಕೋರ್ಟಿನ ಕಾಗದಕ್ಕೂ ಕೈ ಹಾಕಿತು. 1997ರಲ್ಲಿ ಪ್ರಯೋಗ, 2000ದ ಮಾರ್ಚ್‌ನಿಂದ ಸಿವಿಲ್ ದಾವೆಗಳಲ್ಲಿ ಕಡ್ಡಾಯ.

ಕಲಿಯಬೇಕಾದದ್ದೇನು? ಅರ್ಜಿಯನ್ನು ಟೈಪ್ ಮಾಡುವುದು ಎಲ್ಲರಿಗೂ ಗೊತ್ತಿತ್ತು. ಈಗ ಅದನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿಸಬೇಕು, ಪುಟ ಓರೆಯಾಗದಂತೆ ನೋಡಬೇಕು, ದಾವೆಯ ವಿವರಗಳನ್ನು ಪರದೆಯ ಚೌಕಗಳಲ್ಲಿ ತುಂಬಬೇಕು, ಕೊನೆಗೆ ಸ್ಮಾರ್ಟ್ ಕಾರ್ಡ್ ತೂರಿಸಿ ವಕೀಲರ ಹೆಸರಿನಲ್ಲಿ ಡಿಜಿಟಲ್ ಸಹಿ ಹಾಕಬೇಕು. ಇದರಲ್ಲಿ ಕಾನೂನು ಒಂದಿಷ್ಟೂ ಇಲ್ಲ, ಎಲ್ಲ ಕೈಕೆಲಸ. ಹಾಗಾಗಿ ಸ್ಕ್ಯಾನರಿನ ಮುಂದೆ ಕೂತದ್ದು ಬಹುಮಟ್ಟಿಗೆ ಗುಮಾಸ್ತರು. ರಿಜಿಸ್ಟ್ರಿಯ ಕಿಟಕಿಯೆದುರು ಕಡತ ಹೊತ್ತು ಸಾಲು ನಿಲ್ಲುತ್ತಿದ್ದವರೂ ಅವರೇ. ಕಾರ್ಡಿನ ಮೇಲಿನ ಹೆಸರು ಮಾತ್ರ ಯಜಮಾನರದು.

ಗೊಣಗಾಟ ಬಂದದ್ದು ದುಡ್ಡಿನ ವಿಚಾರಕ್ಕೆ. ಪುಟಕ್ಕಿಷ್ಟು ಎಂಬ ಶುಲ್ಕ ದಪ್ಪ ಪ್ರಮಾಣಪತ್ರ ಸಲ್ಲಿಸುವವರ ಬೆನ್ನು ಮುರಿಯುತ್ತಿತ್ತು, ಯಂತ್ರಗಳ ಖರ್ಚು ಬೇರೆ. ಯಂತ್ರವಿಲ್ಲದವರಿಗೆ ಸರ್ವಿಸ್ ಬ್ಯೂರೋ ಎಂಬ ಕೌಂಟರ್‌ಗಳು ತೆರೆದವು: ಕಾಗದ ಕೊಟ್ಟರೆ ಅವರೇ ಸ್ಕ್ಯಾನ್ ಮಾಡಿ ಏರಿಸುತ್ತಾರೆ, ಅದಕ್ಕೂ ಶುಲ್ಕ. ನಮ್ಮ ಕೋರ್ಟ್ ಆವರಣದ ಇ-ಸೇವಾ ಕೇಂದ್ರಗಳಿಗೆ ಇದು ಅಣ್ಣನಂತೆ. ಇಂಡಿಯಾದಲ್ಲಿ ಇ-ಕೋರ್ಟ್ಸ್ ಯೋಜನೆ ಶುರುವಾದದ್ದು 2007ರಲ್ಲಿ. ಇಲ್ಲಿ ಕಾಗದವನ್ನೂ ಬಿಡದೆ ಗಣಕವನ್ನೂ ದೂಡದೆ ಎರಡು ದೋಣಿಯಲ್ಲಿ ಕಾಲಿಟ್ಟುಕೊಂಡೇ ಬಂದಿದ್ದೇವೆ. ನೋಟರಿ, ಟೈಪಿಸ್ಟರ ಮೇಜುಗಳು ಕೋರ್ಟಿನ ಮುಂದೆ ಉಳಿದಿರುವುದಕ್ಕೆ ಅದೂ ಒಂದು ಕಾರಣ. ಅದನ್ನು ಬರೀ ಸೋಮಾರಿತನ ಎಂದು ಬೈಯುವುದು ಅನ್ಯಾಯ. ಒಂದೇ ಊರಿನಷ್ಟಿರುವ ದೇಶಕ್ಕೆ ಗಡುವು ಹಾಕುವುದು ಸುಲಭ.

ಟೋವಾ ಪಾಯೋಗೆ ಬದಲಾವಣೆ ಇನ್ನೊಂದು ಬಾಗಿಲಿನಿಂದಲೂ ಬಂತು. 2002ರಲ್ಲಿ ಎಚ್‌ಡಿಬಿ ತನ್ನ ಮುಖ್ಯ ಕಚೇರಿಯನ್ನೇ ಈ ಊರಿನ ನಡುಮಧ್ಯಕ್ಕೆ, ಎಚ್‌ಡಿಬಿ ಹಬ್‌ಗೆ ತಂದಿತು. ಹಳೆಯ ಫ್ಲ್ಯಾಟು ಕೊಳ್ಳುವವರು, ಮಾರುವವರು, ಅವರ ವಕೀಲರು ಅಲ್ಲಿಗೇ ಬಂದು ವ್ಯವಹಾರ ಮುಗಿಸುತ್ತಿದ್ದರು. 2018ರ ಜನವರಿ 1ರಂದು ಆ ಅರ್ಜಿಗಳೂ ಪೋರ್ಟಲ್‌ಗೆ ಏರಿದವು. ಹದಿನಾರು ವಾರದ ಕೆಲಸ ಸುಮಾರು ಎಂಟಕ್ಕೆ ಇಳಿಯಿತು.

ಅಷ್ಟರಲ್ಲಿ ಕೋರ್ಟೂ ಬಟ್ಟೆ ಬದಲಿಸಿತ್ತು. 2013ರಲ್ಲಿ ಇಎಫ್‌ಎಸ್ ಜಾಗಕ್ಕೆ ಇ-ಲಿಟಿಗೇಷನ್ ಬಂತು. ಸ್ಮಾರ್ಟ್ ಕಾರ್ಡ್ ಹೋಗಿ, ನಾಗರಿಕರೆಲ್ಲ ಬಳಸುವ ಡಿಜಿಟಲ್ ಗುರುತು ಸಿಂಗ್‌ಪಾಸ್ ಬಂತು. ಕಾರ್ಡು ತೂರಿಸಲು ಕಲಿತವರು ಅದನ್ನು ಮರೆಯಲು ಕಲಿತರು. ವಕೀಲರು ವರ್ಷವರ್ಷ ತರಗತಿಗೆ ಕೂತು ಅಂಕ ಗಳಿಸಬೇಕೆಂಬ ನಿಯಮ 2012ರಲ್ಲಿ ಕಿರಿಯರಿಂದ ಶುರುವಾಗಿ ಹಿರಿಯರಿಗೂ ಹಬ್ಬಿತು. 2017ರಲ್ಲಿ ಸರ್ಕಾರ ಮತ್ತು ವಕೀಲರ ಸಂಘ ಸೇರಿ ಚಿಕ್ಕ ಸಂಸ್ಥೆಗಳಿಗೆ ಒಂದು ಆಮಿಷ ತೋರಿಸಿದವು: ತಂತ್ರಾಂಶ ಕೊಂಡರೆ ಮೊದಲ ವರ್ಷದ ಖರ್ಚಿನಲ್ಲಿ ಶೇ. 70ರವರೆಗೆ ನಮ್ಮದು. ಹದಿನೇಳು ವರ್ಷ ಮೊದಲೇ ತೋರಿಸಬೇಕಿತ್ತು, ಎಂದುಕೊಂಡವರು ಇದ್ದಿರಲಿಕ್ಕಿಲ್ಲ ಎನ್ನಲಾಗದು. 2020ರ ಕೊರೊನಾ ಬಂದಾಗ ವಿಚಾರಣೆಗಳು ಜೂಮ್‌ಗೆ ಸರಿದವು. ಗುಮಾಸ್ತರನ್ನು ಮುಂದೆ ಕೂರಿಸಿ ತಪ್ಪಿಸಿಕೊಳ್ಳಲು ಅಲ್ಲಿ ಜಾಗವಿರಲಿಲ್ಲ. ಕ್ಯಾಮೆರಾದೆದುರು ವಕೀಲರೇ ಕೂರಬೇಕು.

2024ರ ಅಕ್ಟೋಬರ್ 1ರಿಂದ ಕೃತಕ ಬುದ್ಧಿಮತ್ತೆಯ ಬಳಕೆಗೂ ಸಿಂಗಪುರದ ನ್ಯಾಯಾಲಯಗಳ ಮಾರ್ಗಸೂಚಿ ಜಾರಿಯಲ್ಲಿದೆ. ಬಳಸಬೇಡಿ ಎಂದು ಅದು ಹೇಳುವುದಿಲ್ಲ. ಬಳಸಿದ್ದಕ್ಕೆ ಹೊಣೆ ನೀವೇ ಎನ್ನುತ್ತದೆ. ಮರುವರ್ಷವೇ ಅಲ್ಲಿನ ಹೈಕೋರ್ಟಿನ ಮುಂದೆ ಒಂದು ವಾದಪತ್ರ ಬಂತು. ಅದರಲ್ಲಿ ಉಲ್ಲೇಖಿಸಿದ್ದ ತೀರ್ಪೊಂದು ಎಲ್ಲಿಯೂ ಇರಲಿಲ್ಲ. ಯಂತ್ರ ಕಟ್ಟಿದ ಕಥೆ ಅದು. ಯಂತ್ರವನ್ನು ಬಳಸಿದ್ದು ಕಚೇರಿಯ ಕಿರಿಯ ವಕೀಲ. ಎದುರು ಪಕ್ಷಕ್ಕೆ 800 ಡಾಲರ್ ಖರ್ಚನ್ನು ಸ್ವಂತ ಜೇಬಿನಿಂದ ಕೊಡಬೇಕೆಂದು ಆದೇಶವಾದದ್ದು ಹಿರಿಯರಿಗೆ.