ಆರ್ಥರ್ ಸೀಟನ್ನನ ಕೋಪವೂ ಚಿತ್ರಪರೀಕ್ಷಕರ ತಿದ್ದುಪಡಿಯೂ

1956ನೆಯ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಜಾನ್ ಆಸ್ಬರ್ನನ ‘ಲುಕ್ ಬ್ಯಾಕ್ ಇನ್ ಆಂಗರ್’ ನಾಟಕವು ಪ್ರಯೋಗಗೊಂಡ ಮೇಲೆ ಆಂಗ್ಲಸಾಹಿತ್ಯದಲ್ಲಿ ‘ಕ್ರುದ್ಧತರುಣರು’ ಎಂಬ ಹೆಸರು ಪ್ರಚಾರಕ್ಕೆ ಬಂದಿತು. ಅದೇ ಆಸ್ಬರ್ನನು ಟೋನಿ ರಿಚರ್ಡ್‌ಸನ್ನನೇ ಮೊದಲಾದವರೊಡನೆ ಸ್ಥಾಪಿಸಿದ ವುಡ್‌ಫಾಲ್ ಸಂಸ್ಥೆಯು 1960ರಲ್ಲಿ ಹೊರತಂದ ‘ಸ್ಯಾಟರ್ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್’ ಎಂಬ ಚಲಚ್ಚಿತ್ರವು ಆ ಪಂಥದ ಮುಖ್ಯ ಕೃತಿಗಳಲ್ಲೊಂದು. ಕೂಲಿಕಾರರ ಬಾಳನ್ನು ಮರೆಮಾಚದೆ ತೋರಿಸಿತೆಂಬ ಪ್ರಶಂಸೆ ಅದಕ್ಕುಂಟು. ಆದರೆ ಮೂಲ ಕಾದಂಬರಿಯೊಡನೆ ಹೋಲಿಸಿದರೆ ಒಂದೆಡೆ ಆ ನಿರ್ಭೀತಿಗೆ ತಡೆಬಿದ್ದುದು ಕಾಣುತ್ತದೆ. ಆ ತಡೆಯು ಕಥೆಯ ಅರ್ಥವನ್ನೇ ಬದಲಿಸಿತು.

ಕಾದಂಬರಿಯ ಕರ್ತೃವಾದ ಅಲನ್ ಸಿಲಿಟೋ 1928ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಜನಿಸಿದವನು. ತಂದೆ ನಿರಕ್ಷರಿ, 1930ರ ದಶಕದಲ್ಲಿ ಕೆಲಸವಿಲ್ಲದೆ ಬಳಲಿದವನು. ಮಗನು ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಆ ಊರಿನ ರ‍್ಯಾಲಿ ಬೈಸಿಕಲ್ ಕಾರ್ಖಾನೆಯನ್ನು ಸೇರಿದನು. 1958ರಲ್ಲಿ ಪ್ರಕಟವಾದ ಕಾದಂಬರಿಯ ನಾಯಕ ಆರ್ಥರ್ ಸೀಟನ್ನನೂ ಅಂಥ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವವನೇ.

ಈತನ ಕೋಪಕ್ಕೆ ಹಸಿವು ಕಾರಣವಲ್ಲವೆಂಬುದು ಗಮನಾರ್ಹ. ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಉದ್ಯೋಗಕ್ಕೆ ಕೊರತೆಯಿರಲಿಲ್ಲ. ಆರ್ಥರನಿಗೆ ವಾರಕ್ಕೆ ಸುಮಾರು 14 ಪೌಂಡು ದೊರೆಯುತ್ತದೆ. ಮನೆಗೆ ದೂರದರ್ಶನವೂ ಬಂದಿದೆ. ಆದರೆ ಕೂಲಿಯು ಮಾಡಿದ ಬಿಡಿಭಾಗಗಳ ಲೆಕ್ಕದ ಮೇಲೆ ಸಲ್ಲತಕ್ಕದ್ದು. ಚುರುಕಾಗಿ ದುಡಿದು ಹೆಚ್ಚು ಗಳಿಸಿದರೆ ಮೇಲಿನವರು ದರವನ್ನೇ ಇಳಿಸುವರು. ಆದಕಾರಣ ಜಾಣನಾದ ಕೆಲಸಗಾರನು ತನ್ನ ಕೈಯ ವೇಗವನ್ನು ತಾನೇ ಬಿಗಿಹಿಡಿಯಬೇಕು. ಶಕ್ತಿಯನ್ನು ಬಚ್ಚಿಟ್ಟು ಬದುಕಬೇಕಾದವನ ರೊಚ್ಚು ಇದು. ಶನಿವಾರದ ಕುಡಿತದಲ್ಲಿ ಅದು ಹೊರಹೊಮ್ಮುತ್ತದೆ.

ಚಿತ್ರಕಥೆಯನ್ನು ಸಿಲಿಟೋವೇ ಬರೆದನು. ನಿರ್ದೇಶಕ ಕ್ಯಾರೆಲ್ ರೈಸ್ ಚೆಕೊಸ್ಲೊವಾಕಿಯದಿಂದ 1938ರಲ್ಲಿ ಬಾಲಕನಾಗಿ ಇಂಗ್ಲೆಂಡಿಗೆ ಬಂದವನು. ಸಾಕ್ಷ್ಯಚಿತ್ರಗಳಲ್ಲಿ ಪಳಗಿದ್ದ ಅವನು ರ‍್ಯಾಲಿ ಕಾರ್ಖಾನೆಯೊಳಗೇ ಚಿತ್ರೀಕರಣ ನಡೆಸಿದನು. ಆರ್ಥರನ ಪಾತ್ರವನ್ನು ಆಲ್ಬರ್ಟ್ ಫಿನ್ನಿಯೂ, ಅವನೊಡನೆ ಕೆಲಸಮಾಡುವವನ ಹೆಂಡತಿಯಾದ ಬ್ರೆಂಡಾಳ ಪಾತ್ರವನ್ನು ರೇಚೆಲ್ ರಾಬರ್ಟ್ಸಳೂ ವಹಿಸಿದರು.

ಬ್ರೆಂಡಾಳಿಗೆ ಆರ್ಥರನಿಂದ ಗರ್ಭ ನಿಲ್ಲುತ್ತದೆ. ಕಾದಂಬರಿಯಲ್ಲಿ ಬಿಸಿನೀರಿನ ಸ್ನಾನ ಮತ್ತು ಜಿನ್ ಮದ್ಯಗಳ ಪ್ರಯೋಗದಿಂದ ಗರ್ಭಪಾತವು ಕೈಗೂಡುತ್ತದೆ. ಬ್ರಿಟಿಷ್ ಚಿತ್ರಪರೀಕ್ಷಕ ಮಂಡಲಿಯು ಇದಕ್ಕೆ ಸಮ್ಮತಿಸಲಿಲ್ಲ. ಚಲಚ್ಚಿತ್ರದಲ್ಲಿ ಆ ಯತ್ನವು ಫಲಿಸುವುದಿಲ್ಲ. ಬ್ರೆಂಡಾ ಮಗುವನ್ನು ಹೆತ್ತು ಬಂದುದನ್ನು ಎದುರಿಸಲು ನಿಶ್ಚಯಿಸುತ್ತಾಳೆ. ಇಷ್ಟಾದರೂ ಚಿತ್ರಕ್ಕೆ ದೊರೆತುದು ಹದಿನಾರು ವರ್ಷ ತುಂಬದವರಿಗೆ ಪ್ರವೇಶವಿಲ್ಲದ ‘ಎಕ್ಸ್’ ಪ್ರಮಾಣಪತ್ರವೇ.

ನೀತಿರಕ್ಷಣೆಗಾಗಿ ಮಾಡಿದ ಈ ತಿದ್ದುಪಡಿಯ ಫಲವು ಬೇರೆಯೇ ಆಯಿತು. ಕಾದಂಬರಿಯಲ್ಲಿ ಗರ್ಭದ ಭಾರವಾದರೂ ಬ್ರೆಂಡಾಳಿಂದ ಇಳಿಯುತ್ತದೆ. ಚಿತ್ರದಲ್ಲಿ ಆರ್ಥರನು ಆಕೆಯ ಗಂಡನ ಕಡೆಯ ಸೈನಿಕರಿಂದ ಪೆಟ್ಟು ತಿಂದು ಕೆಲವು ದಿನಗಳಲ್ಲಿ ಚೇತರಿಸಿಕೊಂಡು, ಡೊರೀನ್ ಎಂಬ ತರುಣಿಯೊಡನೆ ಮದುವೆಯ ಮಾತನಾಡುತ್ತಾನೆ. ಬ್ರೆಂಡಾಳಾದರೋ ಗಂಡನ ಕೋಪವನ್ನೂ ಹುಟ್ಟಲಿರುವ ಮಗುವನ್ನೂ ಹೊತ್ತು ಕಥೆಯಿಂದ ಮರೆಯಾಗುತ್ತಾಳೆ. ಪಾಪಕ್ಕೆ ದಂಡನೆಯಾಗಲೆಂದು ಬಯಸಿದವರು ಅದರ ಹೆಚ್ಚಿನ ಪಾಲನ್ನು ಹೆಂಗಸಿನ ತಲೆಗೆ ಹೊರಿಸಿದರು. ಅಂದಿನ ನ್ಯಾಯದ ಸ್ಥಿತಿಯೂ ಅಂಥದೇ: ಗರ್ಭಪಾತವನ್ನು ಅಪರಾಧವೆಂದ 1861ರ ಶಾಸನವು ಜಾರಿಯಲ್ಲಿದ್ದಿತು, ವೈದ್ಯರ ಮೂಲಕ ನಿಯಮಬದ್ಧವಾಗಿ ಅದಕ್ಕೆ ಅವಕಾಶವಿತ್ತ ಶಾಸನ ಬಂದುದು 1967ರಲ್ಲಿ.

ಚಿತ್ರದ ಕೊನೆಯಲ್ಲಿ ಆರ್ಥರನು ಗುಡ್ಡದ ಮೇಲೆ ನಿಂತು, ಹೊಸದಾಗಿ ಏಳುತ್ತಿರುವ ಮನೆಗಳ ಕಡೆಗೆ ಕಲ್ಲೆಸೆಯುತ್ತಾನೆ. ಅವನ ಕೋಪ ಆರಿಲ್ಲವೆಂಬುದಕ್ಕೆ ವಿಮರ್ಶಕರು ಇದನ್ನೇ ಗುರುತಾಗಿ ಹಿಡಿಯುವರು. ಅದು ಸರಿಯೇ. ಆದರೆ ಹಾಗೆ ಕಲ್ಲೆಸೆಯುವ ಬಿಡುವು ಅವನಿಗೆ ಉಳಿದುದು ಬ್ರೆಂಡಾ ಭಾರ ಹೊತ್ತುದರಿಂದ. ಕ್ರುದ್ಧತರುಣರ ಚರಿತ್ರೆಯನ್ನು ಬರೆಯುವವರು ಕೋಪಿಸಿಕೊಳ್ಳಲೂ ಎಡೆಯಿಲ್ಲದಿದ್ದ ಆ ಹೆಂಗಸನ್ನು ಲೆಕ್ಕಕ್ಕೆ ತೆಗೆದುಕೊಂಡಲ್ಲದೆ ಆ ಚರಿತ್ರೆ ಪೂರ್ಣವಾಗದು.