ಬಿಸಿಲ ಮನೆಗೆ ಗೋಡೆ ಕಲಿಸಿದ ಪಾಠ

1948ರ ಡಿಸೆಂಬರ್‌ನಲ್ಲಿ ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಡೋವರ್ ಎಂಬ ಊರಿನ ಹೊಸ ಮನೆಯೊಂದಕ್ಕೆ ಒಂದು ಸಂಸಾರ ವಾಸಕ್ಕೆ ಬಂತು. ಹಿಮ ಬೀಳುವ ಆ ಸೀಮೆಯಲ್ಲಿ ಎಣ್ಣೆಯಿಂದಲೋ ಕಲ್ಲಿದ್ದಲಿನಿಂದಲೋ ಮನೆ ಕಾಯಿಸುವ ಒಲೆಯಿಲ್ಲದೆ ಚಳಿಗಾಲ ಕಳೆಯುವುದು ಅಸಾಧ್ಯ. ಈ ಮನೆಯಲ್ಲಿ ಮಾತ್ರ ಅಂಥ ಒಲೆಯೇ ಇರಲಿಲ್ಲ. ಬಿಸಿಲೊಂದೇ ಅದರ ಉರುವಲು.

ಮನೆಯ ಹಿಂದೆ ಮೂವರು ಮಹಿಳೆಯರಿದ್ದರು. ಶಾಖದ ವ್ಯವಸ್ಥೆಯನ್ನು ರೂಪಿಸಿದವರು ಹಂಗೆರಿ ಮೂಲದ ವಿಜ್ಞಾನಿ ಮರಿಯಾ ಟೆಲ್ಕೆಸ್; ನಕ್ಷೆ ಬರೆದವರು ವಾಸ್ತುಶಿಲ್ಪಿ ಎಲಿನರ್ ರೇಮಂಡ್; ಹಣ ಕೊಟ್ಟವರು ಶಿಲ್ಪಿ ಅಮೀಲಿಯಾ ಪೀಬಡಿ. ಮೇಲಂತಸ್ತಿನ ದಕ್ಷಿಣ ಮುಖದಲ್ಲಿ ಸಾಲು ಗಾಜುಗಳು, ಅವುಗಳ ಹಿಂದೆ ಕಪ್ಪು ಲೋಹದ ತಗಡು. ಅಲ್ಲಿ ಕಾದ ಗಾಳಿಯನ್ನು ಫ್ಯಾನುಗಳು ಗ್ಲಾಬರ್ ಲವಣ ತುಂಬಿದ ಡಬ್ಬಿಗಳಿರುವ ಕಪಾಟುಗಳಿಗೆ ತಳ್ಳುತ್ತಿದ್ದವು. ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಈ ಲವಣ ಹಗಲಿನಲ್ಲಿ ಶಾಖವನ್ನು ಹೀರಿಕೊಂಡು, ರಾತ್ರಿ ಮತ್ತೆ ಗಟ್ಟಿಯಾಗುವಾಗ ಅದನ್ನು ಕೋಣೆಗಳಿಗೆ ಬಿಟ್ಟುಕೊಡುತ್ತಿತ್ತು.

ಮೊದಮೊದಲು ಎಲ್ಲವೂ ಸುಸೂತ್ರವಾಗಿ ನಡೆಯಿತು. ಆದರೆ ಪದೇಪದೇ ಕರಗಿ ಹೆಪ್ಪುಗಟ್ಟಿದ ಲವಣ ಪದರ ಪದರವಾಗಿ ಬೇರ್ಪಡತೊಡಗಿತು. ಡಬ್ಬಿಗಳು ತುಕ್ಕು ಹಿಡಿದು ಸೋರಿದವು. ಕೆಲವೇ ಚಳಿಗಾಲಗಳಲ್ಲಿ ಪ್ರಯೋಗ ಮುಗಿದು, ಡೋವರ್ ಮನೆಗೂ ಮಾಮೂಲಿ ಒಲೆ ಬಂತು.

ಬಿಸಿಲಿನಿಂದ ವಿದ್ಯುತ್ ಪಡೆಯುವ ದಾರಿ 1954ರಲ್ಲಿ ತೆರೆಯಿತು. ಆ ವರ್ಷ ಬೆಲ್ ಪ್ರಯೋಗಾಲಯ ತನ್ನ ಸಿಲಿಕಾನ್ ಸೌರಕೋಶವನ್ನು ಪ್ರದರ್ಶಿಸಿತು. 1973ರಲ್ಲಿ ಡೆಲಾವೇರ್ ವಿಶ್ವವಿದ್ಯಾಲಯದ ಕಾರ್ಲ್ ಬೋಯರ್ ಅವರ ತಂಡ ಕಟ್ಟಿದ 'ಸೋಲಾರ್ ಒನ್' ಮನೆಯ ಚಾವಣಿ ಶಾಖವನ್ನೂ ವಿದ್ಯುತ್ತನ್ನೂ ಒಟ್ಟಿಗೆ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆಗೆ ನಿರ್ಬಂಧ ಹೇರಿದವು. ಎಣ್ಣೆಯ ಬೆಲೆ ಗಗನಕ್ಕೇರಿತು. ಅಲ್ಲಿಯವರೆಗೆ ವಿಜ್ಞಾನಿಗಳ ಹವ್ಯಾಸದಂತೆ ಕಾಣುತ್ತಿದ್ದ ಬಿಸಿಲ ಮನೆ ಸರ್ಕಾರಗಳ ಚಿಂತೆಯ ವಿಷಯವಾಯಿತು.

ಈ ಇತಿಹಾಸದ ತಿರುವು ಕಾಣುವುದು ಕೆನಡಾದ ರಿಜೈನಾ ನಗರದಲ್ಲಿ. ಅಲ್ಲಿ ಚಳಿಗಾಲದ ಉಷ್ಣಾಂಶ ಶೂನ್ಯಕ್ಕಿಂತ 30 ಡಿಗ್ರಿ ಕೆಳಕ್ಕೂ ಇಳಿಯುತ್ತದೆ. ಆ ಸೀಮೆಗೆ ಒಗ್ಗುವ ಸೌರಮನೆಯೊಂದನ್ನು ಕಟ್ಟಬೇಕೆಂದು ಸಸ್ಕ್ಯಾಚುವಾನ್ ಪ್ರಾಂತ್ಯದ ಸರ್ಕಾರ ಬಯಸಿತು. ಆದರೆ ಹೆರಾಲ್ಡ್ ಆರ್ ಮತ್ತು ಅವರ ಸಂಗಡಿಗರು ಪ್ರಶ್ನೆಯನ್ನೇ ತಿರುಗಿಸಿದರು. ಚಳಿ ಹೆಚ್ಚಿದಾಗಲೇ ಅಲ್ಲಿ ಬಿಸಿಲು ಕಡಿಮೆ. ಹೀಗಿರುವಾಗ ಶಾಖವನ್ನು ಹಿಡಿಯುವುದು ಮೊದಲೋ, ಇರುವ ಶಾಖ ಸೋರದಂತೆ ನೋಡಿಕೊಳ್ಳುವುದು ಮೊದಲೋ? ತೂತು ಬಿದ್ದ ಕೊಡಕ್ಕೆ ಎಷ್ಟು ನೀರು ಸುರಿದರೇನು!

1977ರಲ್ಲಿ ಸಿದ್ಧವಾದ ಆ ಮನೆಯ ಗೋಡೆ ಮತ್ತು ಚಾವಣಿಗಳಲ್ಲಿ ಅಂದಿನ ರೂಢಿಗಿಂತ ಹಲವು ಪಟ್ಟು ಶಾಖನಿರೋಧಕ ವಸ್ತು ತುಂಬಲಾಗಿತ್ತು. ಸಂದುಗೊಂದುಗಳಲ್ಲಿ ಗಾಳಿ ನುಸುಳದಂತೆ ಪ್ಲಾಸ್ಟಿಕ್ ಹಾಳೆಯ ಹೊದಿಕೆಯಿತ್ತು. ಉಸಿರಾಟಕ್ಕೆ ಬೇಕಾದ ತಾಜಾ ಗಾಳಿಗಾಗಿ ಒಂದು ಉಪಕರಣ: ಹೊರಹೋಗುವ ಬೆಚ್ಚನೆಯ ಗಾಳಿ ತನ್ನ ಶಾಖವನ್ನು ಒಳಬರುವ ತಣ್ಣನೆಯ ಗಾಳಿಗೆ ದಾಟಿಸಿ ಹೋಗುತ್ತಿತ್ತು. ಇಷ್ಟರ ಮೇಲೆ ಸೌರಶಾಖದ ಕೊಳವೆಗಳು ಮತ್ತು ನೀರಿನ ತೊಟ್ಟಿ. ಸ್ವಾರಸ್ಯವೆಂದರೆ, ದುಬಾರಿಯಾದ ಆ ಸೌರ ವ್ಯವಸ್ಥೆಯನ್ನೇ ಮುಂದೆ ತೆಗೆದುಹಾಕಬೇಕಾಯಿತು. ಗೋಡೆ ಮಾತ್ರ ತನ್ನ ಕೆಲಸವನ್ನು ಮುಂದುವರಿಸಿತು.

ಈ ಅನುಭವವನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಜರ್ಮನಿಯ ವೋಲ್ಫ್‌ಗಾಂಗ್ ಫೈಸ್ಟ್ ಮತ್ತು ಸ್ವೀಡನ್ನಿನ ಬೋ ಆಡಮ್ಸನ್. ಡಾರ್ಮ್‌ಸ್ಟಾಟ್ ನಗರದ ಕ್ರಾನಿಷ್‌ಸ್ಟೈನ್ ಬಡಾವಣೆಯ ನಾಲ್ಕು ಸಾಲುಮನೆಗಳಿಗೆ 1991ರಲ್ಲಿ ಜನ ವಾಸಕ್ಕೆ ಬಂದರು. ದಪ್ಪ ನಿರೋಧಕ ಗೋಡೆ, ಮೂರು ಪದರದ ಗಾಜಿನ ಕಿಟಕಿ, ಶಾಖ ಉಳಿಸುವ ಗಾಳಿ ವ್ಯವಸ್ಥೆ ಇವುಗಳ ಬಂಡವಾಳ. ಇವುಗಳಿಂದ ಹುಟ್ಟಿದ 'ಪ್ಯಾಸಿವ್ ಹೌಸ್' ಮಾನದಂಡದ ಪ್ರಕಾರ, ಮನೆ ಕಾಯಿಸಲು ಚದರ ಮೀಟರ್‌ಗೆ ವರ್ಷಕ್ಕೆ 15 ಯೂನಿಟ್ ಶಾಖ ಸಾಕಾಗಬೇಕು. ಇದೇ ಮನೆಗಳ ಚಾವಣಿಗೆ 2015ರಲ್ಲಿ ಸೌರ ವಿದ್ಯುತ್ ಫಲಕಗಳು ಬಂದವು. ಗೋಡೆ ಬಂದ ಸುಮಾರು ಕಾಲು ಶತಮಾನದ ಬಳಿಕ ಯಂತ್ರ! ಬೇಡಿಕೆಯೇ ಕಿರಿದಾದ ಮನೆಯಲ್ಲಿ ಪ್ರತಿಯೊಂದು ಫಲಕದ ದುಡಿಮೆಗೂ ಬೆಲೆ ಹೆಚ್ಚು.

ಭಾರತಕ್ಕೆ ಈ ಅಂಕಿಗಳು ಹಾಗೆಯೇ ಹೊಂದುವುದಿಲ್ಲ. ಹಿಮಾಲಯದ ತಪ್ಪಲನ್ನು ಬಿಟ್ಟರೆ ಇಲ್ಲಿಯ ಸಮಸ್ಯೆ ಹೊರಹೋಗುವ ಶಾಖವಲ್ಲ, ಒಳನುಗ್ಗುವ ಶಾಖ. ದಪ್ಪ ಗಾಜಿಗಿಂತ ಕಿಟಕಿಯ ಮೇಲಿನ ನೆರಳು, ಬಿಸಿಲು ತಡೆಯುವ ಚಾವಣಿ, ಅಡ್ಡಗಾಳಿ ಇಲ್ಲಿ ಮುಖ್ಯ. ಆದರೆ ಕೆಲಸದ ಕ್ರಮ ಬದಲಾಗುವುದಿಲ್ಲ. ವಾಸದ ಮನೆಗಳಿಗಾಗಿ ಕೇಂದ್ರ ಸರ್ಕಾರ ರೂಪಿಸಿದ 'ಇಕೋ ನಿವಾಸ ಸಂಹಿತೆ'ಯ ಮೊದಲ ಭಾಗ 2018ರಲ್ಲಿ ಬಂತು. ಅದರ ವಿಷಯ ಗೋಡೆ, ಚಾವಣಿ ಮತ್ತು ಕಿಟಕಿ. ವಿದ್ಯುತ್ ಉಪಕರಣ ಮತ್ತು ಸೌರಶಕ್ತಿಯ ಮಾತು ಬಂದುದು 2021ರ ಎರಡನೆಯ ಭಾಗದಲ್ಲಿ.

2024ರಲ್ಲಿ ಪ್ರಾರಂಭವಾದ ಸೂರ್ಯ ಘರ್ ಯೋಜನೆ ಒಂದು ಕೋಟಿ ಮನೆಗಳ ಚಾವಣಿಗೆ ಸೌರಫಲಕ ತಲುಪಿಸುವ ಗುರಿ ಹೊಂದಿದೆ. ಫಲಕವನ್ನು ಮನೆ ಕಟ್ಟಿದ ಮೇಲೆ ಎಂದು ಬೇಕಾದರೂ ಕೂರಿಸಬಹುದು, ಕೆಟ್ಟರೆ ಬದಲಿಸಬಹುದು. ಮನೆಯ ದಿಕ್ಕನ್ನೂ ಗೋಡೆಯ ದಪ್ಪವನ್ನೂ ಕಿಟಕಿಯ ಜಾಗವನ್ನೂ ಹಾಗೆ ಬದಲಿಸಲಾಗದು. ಅವು ತೀರ್ಮಾನವಾಗುವುದು ಪಾಯ ತೋಡುವ ಮುನ್ನ, ಕಾಗದದ ಮೇಲಿನ ನಕ್ಷೆಯಲ್ಲೇ.