ಕೋಣೆ, ಮೈಕು, ಫೀಡು: ಪಾಡ್‌ಕಾಸ್ಟ್ ತಂತ್ರ ಬೆಳೆದು ಬಂದ ಬಗೆ

ಯಾವುದೇ ಪಾಡ್‌ಕಾಸ್ಟಿನ ಬುಡ ಕೆದಕಿದರೆ ಸಿಗುವುದು ಒಂದು ಸಣ್ಣ ಪಠ್ಯಕಡತ. ಕಾರ್ಯಕ್ರಮದ ಹೆಸರು, ಸಂಚಿಕೆಗಳ ಶೀರ್ಷಿಕೆ, ಒಂದೊಂದು ಸಂಚಿಕೆಯ ಆಡಿಯೊ ಎಲ್ಲಿದೆ ಎಂಬ ವಿಳಾಸ, ಇಷ್ಟೇ ಅದರೊಳಗಿನ ಸಾಮಗ್ರಿ. ಇದನ್ನೇ ಫೀಡ್ ಎನ್ನುತ್ತಾರೆ. ಇದರ ಮೂಲರೂಪವಾದ ಆರ್‌ಎಸ್‌ಎಸ್ ಅನ್ನು ನೆಟ್‌ಸ್ಕೇಪ್ ಕಂಪನಿ 1999ರಲ್ಲಿ ಹೊರತಂದಾಗ ಉದ್ದೇಶ ಬೇರೆಯೇ ಇತ್ತು: ಜಾಲತಾಣಗಳ ತಲೆಬರಹಗಳನ್ನು ಒಂದೆಡೆ ತೋರಿಸುವುದು. ಅದನ್ನು ರೂಪಿಸಿದವರಲ್ಲಿ ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ ಒಬ್ಬರು. 2000ದ ಕೊನೆಗೆ ಅಮೆರಿಕದ ಡೇವ್ ವೈನರ್, ಫೀಡಿನ ನಮೂದಿಗೆ ಆಡಿಯೊ ಫೈಲನ್ನು ಲಗತ್ತಿಸುವ ವ್ಯವಸ್ಥೆ ಸೇರಿಸಿದರು. ಹಾಗೆ ಮಾಡಿ ಎಂದು ಅವರ ಬೆನ್ನು ಹತ್ತಿದವರಲ್ಲಿ ಎಂಟಿವಿಯ ಮಾಜಿ ನಿರೂಪಕ ಆಡಂ ಕರಿ ಇದ್ದರು.

ಕರಿಯವರ ತರ್ಕ ಸರಳ. ಆಗಿನ ಇಂಟರ್ನೆಟ್ ನಿಧಾನ. ಗುಂಡಿ ಒತ್ತಿ ಕಾಯುತ್ತ ಕೂರುವ ಬದಲು, ನಾವು ಮಲಗಿದ್ದಾಗ ಕಂಪ್ಯೂಟರೇ ಫೈಲನ್ನು ಇಳಿಸಿಕೊಂಡಿರಲಿ. ರೇಡಿಯೊ ಪತ್ರಕರ್ತ ಕ್ರಿಸ್ಟೋಫರ್ ಲೈಡನ್ 2003ರಲ್ಲಿ ತಮ್ಮ ಸಂದರ್ಶನಗಳನ್ನು ಹೀಗೆ ಹಂಚಲು ಶುರುಮಾಡಿದರು. 2005ರ ಜೂನ್‌ನಲ್ಲಿ ಆಪಲ್ ತನ್ನ ಐಟ್ಯೂನ್ಸ್‌ನೊಳಗೆ ಪಾಡ್‌ಕಾಸ್ಟುಗಳಿಗೆ ಜಾಗ ಕೊಟ್ಟಿತು. ಅಲ್ಲಿಂದ ಮುಂದೆ ಇದು ಹವ್ಯಾಸಿಗಳ ಆಟವಾಗಿ ಉಳಿಯಲಿಲ್ಲ.

ಈ ಬದಲಾವಣೆಯ ತೂಕ ಗೊತ್ತಾಗಬೇಕಾದರೆ ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ನೆನೆಯಬೇಕು. ಅಲ್ಲಿನ ‘ನಮ್ಮ ಧ್ವನಿ’ ಸಮುದಾಯ ರೇಡಿಯೊದ ಬಳಿ ಸ್ಟುಡಿಯೊ ಇತ್ತು, ಮಾತಾಡಲು ಹಳ್ಳಿಯ ಹೆಂಗಸರು, ಹುಡುಗರು ಇದ್ದರು. ಗಾಳಿಯಲ್ಲಿ ಬಿತ್ತರಿಸುವ ಪರವಾನಗಿ ಮಾತ್ರ ಇರಲಿಲ್ಲ. ಹಾಗಾಗಿ ಕೇಬಲ್ ತಂತಿಯ ಮೂಲಕ ಮನೆಮನೆಗೆ ದನಿ ಮುಟ್ಟಿಸಿದರು. ಸಮುದಾಯ ಸಂಸ್ಥೆಗಳಿಗೆ ರೇಡಿಯೊ ಪರವಾನಗಿಯ ಬಾಗಿಲು ತೆರೆದದ್ದು 2006ರಲ್ಲಿ. ಖಾಸಗಿ ಎಫ್ಎಂ ಕೇಂದ್ರಗಳಿಗೆ ಸ್ವಂತ ಸುದ್ದಿ ಓದುವ ಅವಕಾಶ ಇಂದಿಗೂ ಇಲ್ಲ. ಇಂಥ ದೇಶದಲ್ಲಿ, ಯಾರ ಸಹಿಯನ್ನೂ ಕೇಳದೆ ಕನ್ನಡದಲ್ಲಿ ಒಂದು ಗಂಟೆ ಮಾತಾಡಿ ಅದನ್ನು ಶಿಕಾರಿಪುರಕ್ಕೂ ಸಿಂಗಪುರಕ್ಕೂ ಒಟ್ಟಿಗೆ ತಲುಪಿಸಬಹುದು ಎನ್ನುವುದು ಸಣ್ಣ ಸಂಗತಿಯಲ್ಲ. ಫೀಡನ್ನು ನಾನು ಈ ಕ್ಷೇತ್ರದ ಜೀವನಾಡಿ ಎಂದು ತಿಳಿಯುವುದು ಅದಕ್ಕೇ.

ತಲುಪಿಸುವುದು ಸಲೀಸಾಯಿತು, ಆದರೆ ದನಿ ಹಿಡಿಯುವುದು ಅಷ್ಟು ಬೇಗ ಸಲೀಸಾಗಲಿಲ್ಲ. ಮೊದಮೊದಲು ಅಗ್ಗದ ಹೆಡ್‌ಸೆಟ್ಟುಗಳೇ ಗತಿ. 2010ರ ಹೊತ್ತಿಗೆ ಬ್ಲೂ ಯೇತಿಯಂಥ ಯುಎಸ್‌ಬಿ ಮೈಕುಗಳು ಮೇಜಿನ ಮೇಲೆ ಬಂದವು. ಇವು ಕಂಡೆನ್ಸರ್ ಮೈಕುಗಳು, ಬಹಳ ಸೂಕ್ಷ್ಮ. ಸ್ಟುಡಿಯೊದಲ್ಲಿ ಆ ಸೂಕ್ಷ್ಮತೆ ಗುಣ. ಟೈಲ್ಸ್ ನೆಲ, ಬೋಳು ಗೋಡೆಗಳ ನಮ್ಮ ಮನೆಗಳಲ್ಲಿ ಅದೇ ದೋಷ. ಪಕ್ಕದ ಮನೆಯ ಮಿಕ್ಸಿ, ಕೆಳಗಿನ ಬೀದಿಯ ಆಟೋ, ಗೋಡೆಗೆ ಬಡಿದು ಮರಳುವ ನಮ್ಮದೇ ದನಿ, ಎಲ್ಲವನ್ನೂ ಅವು ಹಿಡಿದುಕೊಡುತ್ತವೆ. ಶೂರ್ ಕಂಪನಿ 1973ರಲ್ಲೇ ತಂದ ಎಸ್ಎಂ7 ಮೈಕಿನ ಈಗಿನ ರೂಪವಾದ ಎಸ್ಎಂ7ಬಿ ಪಾಡ್‌ಕಾಸ್ಟ್ ಲೋಕದ ಗುರುತೇ ಆಗಿಬಿಟ್ಟಿರುವುದಕ್ಕೆ ಕಾರಣ ಅದು ಡೈನಮಿಕ್ ಮೈಕ್ ಎನ್ನುವುದು: ಹತ್ತಿರದ ಬಾಯಿಯನ್ನು ಹಿಡಿಯುತ್ತದೆ, ದೂರದ ಗದ್ದಲವನ್ನು ಬಹುಮಟ್ಟಿಗೆ ಬಿಡುತ್ತದೆ. ಅಷ್ಟು ದುಬಾರಿಯದೇ ಬೇಕೆಂದಿಲ್ಲ. ಸ್ಯಾಮ್ಸನ್ ಕ್ಯೂ2ಯು ಥರದ, ಯುಎಸ್‌ಬಿಗೂ ಮಿಕ್ಸರಿಗೂ ಜೋಡಿಸಬಹುದಾದ ಡೈನಮಿಕ್ ಮೈಕು ಹೊಸಬರಿಗೆ ಧಾರಾಳ ಸಾಕು.

ಮೈಕಿಗಿಂತ ಕೋಣೆ ದೊಡ್ಡದು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಬಟ್ಟೆ ತುಂಬಿದ ಬೀರು, ಹಾಸಿಗೆ, ದಪ್ಪ ಪರದೆ ಇರುವ ಮಲಗುವ ಕೋಣೆ, ಚೊಕ್ಕ ಹಜಾರಕ್ಕಿಂತ ಸಾವಿರ ಪಾಲು ಮೇಲು. ಕೌದಿ ಇದ್ದರೆ ಅದನ್ನು ಮಾತಾಡುವವರ ಬೆನ್ನ ಹಿಂದೆ ತೂಗುಹಾಕಿ. ಬಹುತೇಕರು ಮೈಕಿನ ಹಿಂದೆ ಹಾಕುತ್ತಾರೆ. ಆದರೆ ಒಂದೇ ದಿಕ್ಕಿಗೆ ಕಿವಿಗೊಡುವ ಕಾರ್ಡಿಯಾಯ್ಡ್ ಮೈಕು ನೋಡುತ್ತಿರುವುದು ನಿಮ್ಮ ಬಾಯಿಯನ್ನು, ಅದರಾಚೆಗೆ ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು; ಪ್ರತಿಧ್ವನಿ ಬಂದು ಸೇರುವುದು ಹೆಚ್ಚಾಗಿ ಅಲ್ಲಿಂದಲೇ. ಫ್ಯಾನ್ ಆರಿಸಿ, ಸಾಧ್ಯವಾದರೆ ಫ್ರಿಜ್ಜನ್ನೂ.

ಇನ್ನು ಮೈಕಿನ ಮುಂದೆ ಕೂತು ‘ಪಂಪಭಾರತ’ ಎಂದು ಹೇಳಿ ನೋಡಿ. ಎರಡು ಪಕಾರ, ಒಂದು ಮಹಾಪ್ರಾಣ ಭಕಾರ. ಮೂರು ಬಾರಿ ಗಾಳಿ ಮೈಕಿನ ಪರದೆಗೆ ಬಡಿದು ‘ಧಪ್’ ಎನ್ನುತ್ತದೆ. ಬಾಯಿಗೆ ನೇರವಾಗಿಟ್ಟ ಮೈಕನ್ನು ಬಾಯಿಯ ಮೂಲೆಯ ಕಡೆಗೆ ಸರಿಸಿ, ಓರೆಯಾಗಿ ತಿರುಗಿಸಿ, ಸುಮಾರು ಐದಾರು ಬೆರಳಿನ ಅಂತರ ಬಿಟ್ಟು ಮತ್ತೆ ಹೇಳಿ. ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ, ದನಿ ಉಳಿಯುತ್ತದೆ. ಶ, ಷ, ಸಗಳ ಸೀಟಿಯೂ ಇದರಿಂದ ತಗ್ಗುತ್ತದೆ. ಮಹಾಪ್ರಾಣಗಳನ್ನು ಚೆನ್ನಾಗಿ ಉಚ್ಚರಿಸುವ ತಾಳಮದ್ದಳೆಯ ಅರ್ಥಧಾರಿಗಳಂಥವರನ್ನು ದಾಖಲಿಸುವಾಗ ಈ ಓರೆ ಇನ್ನೂ ಮುಖ್ಯ. ಮಟ್ಟ ಹೊಂದಿಸುವಾಗ ಮಾತಿನ ಏರು ಮೈನಸ್ 12 ಡೆಸಿಬೆಲ್ ಸುತ್ತ ಇರಲಿ. ನಗು ಉಕ್ಕಿದಾಗ ಅದಕ್ಕೆ ಜಾಗ ಬೇಕಲ್ಲ. ಒಮ್ಮೆ ಒಡೆದು ದಾಖಲಾದ ದನಿಯನ್ನು ಯಾವ ತಂತ್ರಾಂಶವೂ ಮೊದಲಿನಂತೆ ಮಾಡಲಾರದು.

ಸಂಕಲನದ ಕಥೆಯಲ್ಲಿ ಆಡಾಸಿಟಿಯ ಋಣ ದೊಡ್ಡದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2000ದಲ್ಲಿ ಬಿಡುಗಡೆಯಾದ ಈ ಉಚಿತ ತಂತ್ರಾಂಶದಿಂದಲೇ ಒಂದು ಪೀಳಿಗೆ ಸಂಕಲನ ಕಲಿತಿತು. ಆದರೆ ಎಂಪಿ3 ಮೇಲೆ ಪೇಟೆಂಟುಗಳಿದ್ದವು. ಹಾಗಾಗಿ ಸಂಕಲನ ಮುಗಿಸಿ ಎಂಪಿ3 ಮಾಡಲು ಹೊರಟವರು ‘ಲೇಮ್’ ಎಂಬ ಇನ್ನೊಂದು ತುಣುಕನ್ನು ಬೇರೆ ಕಡೆಯಿಂದ ಹುಡುಕಿ ತಂದು ಸೇರಿಸಬೇಕಿತ್ತು. ಪೇಟೆಂಟುಗಳ ಅವಧಿ 2017ಕ್ಕೆ ಮುಗಿಯಿತು, 2019ರಿಂದ ಆಡಾಸಿಟಿಯ ಜೊತೆಗೇ ಲೇಮ್ ಬರುತ್ತಿದೆ. ಸದ್ದು ತೆಗೆಯುವ ಕೆಲಸಕ್ಕೆ ಒಂದು ಸಿದ್ಧತೆ ಬೇಕು: ಮಾತು ಶುರುವಾಗುವ ಮೊದಲು ಕೋಣೆಯ ಬರಿಯ ಮೌನವನ್ನು ಹತ್ತು ಸೆಕೆಂಡು ದಾಖಲಿಸಿ. ತಂತ್ರಾಂಶಕ್ಕೆ ಯಾವುದು ಮೊರೆತ ಎಂದು ತೋರಿಸಲೂ, ಕತ್ತರಿಸಿದ ಜಾಗದಲ್ಲಿ ತೇಪೆ ಹಾಕಲೂ ಆ ಮೌನವೇ ಬೇಕು. ಫ್ಯಾನಿನಂಥ ಏಕರೀತಿಯ ಸದ್ದು ಹೀಗೆ ಹೋಗುತ್ತದೆ. ಕುಕ್ಕರಿನ ಸೀಟಿ ಹೋಗುವುದಿಲ್ಲ. ಆ ವಾಕ್ಯವನ್ನು ಮತ್ತೊಮ್ಮೆ ಹೇಳಿಸುವುದೇ ಮೇಲು. ಈಚೆಗೆ ಯಂತ್ರಕಲಿಕೆಯ ಸಾಧನಗಳು ಪ್ರತಿಧ್ವನಿಯನ್ನೂ ಅಳಿಸುತ್ತಿವೆ, ಆದರೆ ಮಿತಿ ಮೀರಿ ಬಳಸಿದರೆ ಪದಗಳ ಅಂಚು ಸವೆದು, ಮಾತಾಡಿದವರ ಊರಿನ ಸೊಗಡೇ ಮಾಯವಾಗುತ್ತದೆ.

ಸದ್ದಿನ ಮಟ್ಟದ ವಿಚಾರದಲ್ಲಿ ಪಾಡ್‌ಕಾಸ್ಟಿನವರು ಟಿವಿಯವರಿಂದ ಎರವಲು ಪಡೆದರು. ಜಾಹೀರಾತು ಬಂದೊಡನೆ ಟಿವಿ ಅಬ್ಬರಿಸುವ ಕಾಟಕ್ಕೆ ಮದ್ದಾಗಿ, ಕಿವಿಗೆ ಅನ್ನಿಸುವ ಗಟ್ಟಿತನವನ್ನು ಅಳೆಯುವ ಅಂತರರಾಷ್ಟ್ರೀಯ ವಿಧಾನ 2006ರಲ್ಲಿ ಬಂತು, ಯುರೋಪಿನ ಪ್ರಸಾರಕರು 2010ರಲ್ಲಿ ಅದರ ಮೇಲೆ ತಮ್ಮ ನಿಯಮ ಕಟ್ಟಿದರು. ಅದರ ಅಳತೆ ಎಲ್‌ಯುಎಫ್ಎಸ್. ಆಪಲ್ ಪಾಡ್‌ಕಾಸ್ಟುಗಳಿಗೆ ಸೂಚಿಸುವುದು ಮೈನಸ್ 16. ಇದನ್ನು ಪಾಲಿಸಿದರೆ ಬಸ್ಸಿನಲ್ಲಿ ಕೇಳುವವರು ಸಂಚಿಕೆ ಬದಲಾದಾಗಲೆಲ್ಲ ವಾಲ್ಯೂಮ್ ಹುಡುಕಬೇಕಾಗಿಲ್ಲ. ಬರೀ ಮಾತಿನ ಕಾರ್ಯಕ್ರಮವಾದರೆ ಮೊನೊದಲ್ಲಿ 64 ಕೆಬಿಪಿಎಸ್ ಸಾಕು: ಅರ್ಧ ಗಂಟೆಗೆ 14ರಿಂದ 15 ಎಂಬಿ. ಅದೇ 128ರಲ್ಲಿ ಇಮ್ಮಡಿಯಾಗುತ್ತದೆ. ನೆಟ್‌ವರ್ಕ್ ಆಗಾಗ ಕೈಕೊಡುವ ಮಲೆನಾಡಿನ ಕೇಳುಗರಿಗೆ ಈ ಉಳಿತಾಯ ನಿಜವಾದ ಉಪಕಾರ.

ದೂರದ ಅತಿಥಿಗಳನ್ನು ಮಾತಾಡಿಸುವ ಬಗೆಯೂ ಮಾಗಿದೆ. ಮೊದಲು ಸ್ಕೈಪ್ ಕರೆಯನ್ನೇ ದಾಖಲಿಸುತ್ತಿದ್ದರು; ಕರೆ ತೊದಲಿದರೆ ಸಂಚಿಕೆಯೂ ತೊದಲುತ್ತಿತ್ತು. ಪರಿಹಾರ, ಇಬ್ಬರೂ ತಮ್ಮ ತಮ್ಮ ಕಡೆ ಬೇರೆಬೇರೆಯಾಗಿ ದಾಖಲಿಸಿಕೊಂಡು ಆಮೇಲೆ ಹೊಂದಿಸುವುದು. ಝೆನ್‌ಕಾಸ್ಟರ್, ರಿವರ್‌ಸೈಡ್‌ಗಳು ಬ್ರೌಸರಿನಲ್ಲೇ ಈ ಕೆಲಸ ಮಾಡುತ್ತವೆ, 2020ರ ಲಾಕ್‌ಡೌನ್ ಅವನ್ನು ಮನೆಮಾತಾಗಿಸಿತು. ಅತಿಥಿ ಹಿರಿಯರಾಗಿದ್ದು ಇದೆಲ್ಲ ಕಷ್ಟವೆನಿಸಿದರೆ, ಫೋನಿನ ರೆಕಾರ್ಡರ್ ಒತ್ತಿ ಎದುರಿಗಿಟ್ಟುಕೊಳ್ಳಲು ಹೇಳಿ, ಆರಂಭದಲ್ಲಿ ಇಬ್ಬರೂ ಒಟ್ಟಿಗೆ ಒಂದು ಚಪ್ಪಾಳೆ ತಟ್ಟಿದರಾಯಿತು. ಎರಡು ಫೈಲುಗಳನ್ನು ಸರಿಸುಮಾರು ಹೊಂದಿಸಲು ಆ ಗುರುತು ಸಾಕು. ಇಯರ್‌ಫೋನ್ ಮಾತ್ರ ಇಬ್ಬರಿಗೂ ಕಡ್ಡಾಯ.

ಪ್ರಕಟಣೆಯ ಸೌಕರ್ಯ 2004ರಲ್ಲಿ ಲಿಬ್‌ಸಿನ್‌ನಿಂದ ಶುರುವಾಯಿತು. ಆಂಕರ್ ಆ್ಯಪ್ ಅದನ್ನು ಉಚಿತಗೊಳಿಸಿತು, 2019ರಲ್ಲಿ ಸ್ಪಾಟಿಫೈ ಆಂಕರನ್ನು ಕೊಂಡಿತು. ಕನ್ನಡದಲ್ಲಿ ದೀರ್ಘ ಮಾತುಕತೆಗೆ ದಾರಿ ಮಾಡಿದ ‘ತಲೆ-ಹರಟೆ’ ಪಾಡ್‌ಕಾಸ್ಟ್ ಆರಂಭವಾದದ್ದೂ ಅದೇ ವರ್ಷ. ಅತ್ತ ಅಮೆರಿಕದ ಜನಪ್ರಿಯ ಪಾಡ್‌ಕಾಸ್ಟರ್ ಜೋ ರೋಗನ್ ಅವರ ಕಾರ್ಯಕ್ರಮ 2020ರಲ್ಲಿ ಸ್ಪಾಟಿಫೈಗೆ ಮಾತ್ರ ಸೀಮಿತವಾಯಿತು. 2024ರಲ್ಲಿ ಮತ್ತೆ ಎಲ್ಲ ಕಡೆ ಬಂತು. ಅದೇ 2024ರಲ್ಲಿ ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪನ್ನು ಮುಚ್ಚಿತು. ಆದರೂ ಕೇಳುಗರು ತಮ್ಮ ಚಂದಾಪಟ್ಟಿಯನ್ನು ಒಂದು ಫೈಲಾಗಿ ಹೊತ್ತುಕೊಂಡು ಬೇರೆ ಆ್ಯಪಿಗೆ ಹೋಗಲು ಸಾಧ್ಯವಾಯಿತು, ಏಕೆಂದರೆ ಫೀಡುಗಳು ಗೂಗಲಿನ ಸ್ವತ್ತಾಗಿರಲಿಲ್ಲ. ಆದ್ದರಿಂದ ಆಡಿಯೊವನ್ನೂ ಫೀಡನ್ನೂ ಇರಿಸಿಕೊಡುವ ಹೋಸ್ಟ್ ಸೇವೆಯನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ: ನಾಳೆ ಬಿಟ್ಟುಹೋದರೆ ಹಳೆಯ ಫೀಡಿನ ವಿಳಾಸದಿಂದ ಹೊಸದಕ್ಕೆ ಶಾಶ್ವತವಾಗಿ ತಿರುಗಿಸಿಕೊಡುತ್ತೀರಾ? ಇಲ್ಲವೆಂದರೆ ಅಲ್ಲಿ ಕಾಲಿಡಬೇಡಿ. ಜಾಗ ಬದಲಿಸುವಾಗ ಪ್ರತಿ ಸಂಚಿಕೆಯ ಗುರುತುಸಂಖ್ಯೆ ಬದಲಾಗದಂತೆಯೂ ನೋಡಿಕೊಳ್ಳಿ; ಬದಲಾದರೆ ಹಳೆಯ ಸಂಚಿಕೆಗಳೆಲ್ಲ ಹೊಸದಾಗಿ ಬಂದಂತೆ ಕೇಳುಗರ ಫೋನಿಗೆ ಮತ್ತೆ ಸುರಿಯುತ್ತವೆ.

ಕನ್ನಡದವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಶೀರ್ಷಿಕೆ, ವಿವರಣೆ ಕನ್ನಡ ಲಿಪಿಯಲ್ಲೇ ಇರಲಿ, ಆದರೆ ಆಡಿಯೊ ಫೈಲಿನ ಹೆಸರು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿರಲಿ. ವಿಳಾಸದಲ್ಲಿ ಕನ್ನಡ ಅಕ್ಷರ ಬಂದರೆ ಕೆಲವು ಆ್ಯಪುಗಳು ಎಡವುತ್ತವೆ. ಫೀಡಿನಲ್ಲಿ ಭಾಷೆಯ ಸಂಕೇತವಾಗಿ ‘ಕೆ ಎನ್’ ಎಂದು ನಮೂದಿಸಿ. ಇಂಗ್ಲಿಷ್ ಎಂದು ಮೊದಲೇ ತುಂಬಿರುವುದನ್ನು ಹಾಗೇ ಬಿಟ್ಟವರು ಬಹಳ. ಮುಖಚಿತ್ರ ಚೌಕವಾಗಿ 1400ರಿಂದ 3000 ಪಿಕ್ಸೆಲ್ ಒಳಗಿರಬೇಕು. ಫೋನಿನಲ್ಲಿ ಅದು ಹೆಬ್ಬೆರಳಿನ ಉಗುರಿನಷ್ಟೇ ಕಾಣುವುದರಿಂದ ಒತ್ತಕ್ಷರಗಳು ತುಂಬಿದ ಉದ್ದನೆಯ ಹೆಸರು ಓದಲಾಗದು.

ಫೀಡಿನ ಕಥೆ ಮುಗಿದಿಲ್ಲ. ಆಡಂ ಕರಿಯವರೇ ಡೇವ್ ಜೋನ್ಸ್ ಜೊತೆ 2020ರಲ್ಲಿ ಪಾಡ್‌ಕಾಸ್ಟ್ ಇಂಡೆಕ್ಸ್ ಎಂಬ ಮುಕ್ತ ಪಟ್ಟಿ ಶುರುಮಾಡಿ, ಅಧ್ಯಾಯಗಳನ್ನೂ ಬರಹರೂಪವನ್ನೂ ಲಗತ್ತಿಸುವ ಹೊಸ ಗುರುತುಗಳನ್ನು ಫೀಡಿಗೆ ಸೇರಿಸಿದರು. ಆಪಲ್ 2024ರಲ್ಲಿ ತಾನೇ ಬರಹರೂಪ ತಯಾರಿಸಲು ತೊಡಗಿದಾಗ ಇಂಗ್ಲಿಷ್, ಸ್ಪ್ಯಾನಿಷ್, ಫ್ರೆಂಚ್, ಜರ್ಮನ್‌ಗಳಿಂದ ಆರಂಭಿಸಿತು. ಕನ್ನಡದ ಕೆಲಸ ನಮ್ಮ ಪಾಲಿನದು. 2022ರಲ್ಲಿ ಮುಕ್ತವಾಗಿ ಸಿಕ್ಕ, ಮಾತನ್ನು ಬರಹಕ್ಕಿಳಿಸುವ ತಂತ್ರಾಂಶ ವಿಸ್ಪರ್‌ಗೆ ಕನ್ನಡ ಬರುತ್ತದೆ, ಆದರೆ ಅರೆಬರೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಭಾರತೀಯ ಭಾಷೆಗಳಿಗೆಂದೇ ಕಟ್ಟಿದ ಮಾದರಿಗಳೂ ಮುಕ್ತವಾಗಿವೆ. ಯಂತ್ರ ಕೊಟ್ಟ ಪಾಠವನ್ನು ಸಂಚಿಕೆ ಕೇಳುತ್ತಲೇ ತಿದ್ದಿ: ಊರಿನ ಹೆಸರು, ವ್ಯಕ್ತಿಗಳ ಹೆಸರು, ಧಾರವಾಡದ ‘ಹೋಗೇನಿ’, ಕುಂದಾಪುರದ ‘ಹೋಯ್ಕ್’ ಇವೇ ಹೆಚ್ಚಾಗಿ ತಪ್ಪುವ ಜಾಗಗಳು. ತಿದ್ದಿದ ಫೈಲನ್ನು ಆಡಿಯೊದ ಪಕ್ಕದಲ್ಲೇ ಫೀಡಿಗೆ ಲಗತ್ತಿಸಿದರೆ, ಕಿವಿ ಕೇಳದವರೂ ಸಂಚಿಕೆಯನ್ನು ಓದಬಹುದು.